ತೆಂಗಿನಮರ ಎಲ್ಲಿ ಉಂಟು?

ಉಡುಪಿಯ ಒಂದು ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಓದಿದ್ದು 2002ರಿಂದ 2005ರವರೆಗೆ. ನೋಟ್ಸ್ ಬರೆದು ಕಲಿತದ್ದು ಹೆಚ್ಚಿನದೂ ಮರೆತಿದೆ. ಭೌತಶಾಸ್ತ್ರದ ಸರ್ ಒಂದು ಸಂಜೆ ಮೈದಾನಕ್ಕೆ ಕರೆದುಕೊಂಡು ಹೋದದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಮೈದಾನದಾಚೆ ಒಂದು ತೆಂಗಿನಮರ. ಅದರ ಹಿಂದೆ, ತುಂಬ ದೂರದಲ್ಲಿ, ನೀರಿನ ಟ್ಯಾಂಕ್.

"ಮರ ಎಲ್ಲಿ ಉಂಟು?"

"ಟ್ಯಾಂಕಿನ ಬಲಕ್ಕೆ ಸರ್."

ಐವತ್ತು ಹೆಜ್ಜೆ ಬಲಕ್ಕೆ ನಡೆಸಿದರು. ಈಗ ಮರ ಟ್ಯಾಂಕಿನ ಎಡಕ್ಕಿತ್ತು!

"ಮರ ನಡೆಯಲಿಲ್ಲ ಮಾರಾಯ, ನಡೆದದ್ದು ನೀನು. ನಕ್ಷತ್ರದ ದೂರ ಅಳೆಯುವುದೂ ಹೀಗೇ."

ಭೂಮಿ ಆರು ತಿಂಗಳಲ್ಲಿ ಸೂರ್ಯನ ಆಚೆ ಬದಿಗೆ ಹೋಗುತ್ತದೆ. ಅಂದರೆ ನಮ್ಮದು ಐವತ್ತು ಹೆಜ್ಜೆಯಾದರೆ, ಅದರದ್ದು ಸುಮಾರು 30 ಕೋಟಿ ಕಿಲೋಮೀಟರ್. ಅಷ್ಟಾದರೂ ನಕ್ಷತ್ರ ಕದಲುವುದು ಕೂದಲೆಳೆಯಷ್ಟು. 1838ರಲ್ಲಿ ಜರ್ಮನಿಯ ಖಗೋಳಜ್ಞ ಬೆಸೆಲ್ ಮೊದಲು ಅಳೆದ ನಕ್ಷತ್ರ ಕದಲಿದ್ದು, ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೂ ಇಲ್ಲ. ಅಷ್ಟರಿಂದಲೇ ಅದರ ದೂರ ಸುಮಾರು 11 ಜ್ಯೋತಿರ್ವರ್ಷ ಎಂದು ತಿಳಿಯಿತು. ಆ ಮನುಷ್ಯನ ತಾಳ್ಮೆ ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ.

ಇನ್ನೊಂದು ದಿನ ಗೀರುಬಿದ್ದ ಹಳೆಯ ಸಿಡಿ ತಂದರು. ಬಲ್ಬಿನ ಬೆಳಕಿಗೆ ಹಿಡಿದರೆ ಕಾಮನಬಿಲ್ಲು ಒಂದೇ ಸಮನೆ ಹರಡಿತು. ಟ್ಯೂಬ್‌ಲೈಟಿಗೆ ಹಿಡಿದರೆ ಬಣ್ಣಗಳು ಬಿಡಿ ಬಿಡಿಯಾಗಿ ನಿಂತವು. ಬೆಳಕು ಯಾವ ಅನಿಲದಿಂದ ಬಂತು ಅಂತ ಬೆಳಕೇ ಹೇಳುತ್ತದೆ, ಅಲ್ವಾ? ನಕ್ಷತ್ರದ ಬೆಳಕಲ್ಲಿ ಕಪ್ಪು ಗೆರೆಗಳಿರುತ್ತವೆ. ಬಿಸಿ ಬದಲಾದರೆ ಆ ಗೆರೆಗಳೂ ಬದಲಾಗುತ್ತವೆ. ಆ ಲೆಕ್ಕವನ್ನು 1920ರಲ್ಲಿ ಬಿಡಿಸಿದ್ದು ನಮ್ಮ ದೇಶದ ವಿಜ್ಞಾನಿ ಮೇಘನಾದ ಸಹಾ.

ನಮ್ಮ ಊರಲ್ಲಿ ಮಳೆಗಾಲ ಕಳೆಯದೆ ಆಕಾಶ ಸಿಗುವುದಿಲ್ಲ. ಡಿಸೆಂಬರಿನ ಒಂದು ರಾತ್ರಿ ಸರ್ ಟೆರೇಸಿನಲ್ಲಿ ಮಹಾವ್ಯಾಧನನ್ನು ತೋರಿಸಿದರು, ಬೇಟೆಗಾರನ ಆಕಾರದ ನಕ್ಷತ್ರಪುಂಜ (ಒರಾಯನ್). ಹೆಗಲಲ್ಲಿ ಕೆಂಪು ಆರ್ದ್ರಾ, ಕಾಲಲ್ಲಿ ನೀಲಿ ಛಾಯೆಯ ರೈಜೆಲ್. ಕೆಂಪಿನದ್ದೇ ಬಿಸಿ ಜಾಸ್ತಿ ಎಂದುಕೊಂಡಿದ್ದೆ. ನೀಲಿಯದ್ದು ಮೂರು ಪಟ್ಟು ಹೆಚ್ಚಂತೆ. ಸೂರ್ಯನಿಗೆ 460 ಕೋಟಿ ವರ್ಷ, ಇನ್ನೂ ನಡುವಯಸ್ಸು. ಆರ್ದ್ರಾ ಹುಟ್ಟಿ ಸುಮಾರು ಒಂದು ಕೋಟಿ ವರ್ಷವಾಗಿದೆ ಅಷ್ಟೇ, ಆಗಲೇ ಮುಪ್ಪು. ತೂಕ ಜಾಸ್ತಿ ಇದ್ದಷ್ಟು ಉರುವಲು ಬೇಗ ಖಾಲಿ.

2020ರ ಫೆಬ್ರವರಿಯಲ್ಲಿ ಆರ್ದ್ರಾ ಮಂಕಾಯಿತು. ಇನ್ನೇನು ಸಿಡಿಯುತ್ತದೆ ಎಂದು ಸುದ್ದಿಯೋ ಸುದ್ದಿ. ಅದೇ ಉಗುಳಿದ ದೂಳು ಅಡ್ಡ ಬಂದಿತ್ತು ಎಂದು ಗೊತ್ತಾದದ್ದು ಆಮೇಲೆ. ನಾನಾಗ ಸುರತ್ಕಲ್‌ನಲ್ಲಿದ್ದೆ. ಮನೆಯ ತಾರಸಿಗೆ ಹತ್ತಿ ಸರ್‌ಗೆ ಫೋನ್ ಮಾಡಿದೆ.

"ಸರ್, ಆರ್ದ್ರಾ ನೋಡಿದ್ರಾ?"

"ಅದನ್ನೇ ನೋಡ್ತಾ ಇದ್ದೇನೆ ಮಾರಾಯ. ಈಗ ಆಚೆ ಹೆಗಲಿನ ನಕ್ಷತ್ರ ನೋಡು. ಎರಡೂ ಸಮ ಉಂಟಾ, ಇಲ್ವಾ?"

ನೋಡಿದೆ. ಸಮ ಇತ್ತು.