ಗೋಡೆಯ ಗುಳ್ಳೆಯಿಂದ ಬಾಗಿಲಿನ ಕೀಲಿನವರೆಗೆ

ನಡುಮನೆಯ ಗೋಡೆಗೆ ನಾನೇ ಕೈಯಾರೆ ಬಣ್ಣ ಬಳಿದು ಎಂಟು ತಿಂಗಳು ತುಂಬುವ ಮೊದಲೇ ಅದರ ಮೇಲೆ ಅಂಗೈಯಗಲದ ಗುಳ್ಳೆಯೊಂದು ಎದ್ದಿತು. ಬೆರಳಿನಿಂದ ಒತ್ತಿದರೆ ಒಳಗೆ ಪೊಳ್ಳು. ಉಗುರಿನಿಂದ ಕೆರೆದರೆ ಬಣ್ಣವು ಹಕ್ಕಳೆಯಾಗಿ ಕಳಚಿ ಬಂದು, ಅದರ ಹಿಂದಿನಿಂದ ಬಿಳಿಯ ಪುಡಿ ಉದುರಿತು. ಎರಡು ವಾರಾಂತ್ಯಗಳನ್ನು ಕೊಟ್ಟು, ಪುಟ್ಟಿ ಹಾಕಿ, ಉಜ್ಜಿ, ಎರಡು ಕೋಟ್ ಬಳಿದು ಮುಗಿಸಿದಾಗ ಮನೆಮಂದಿಯೆಲ್ಲ ನಿಂತು ನೋಡಿ ಮೆಚ್ಚಿದ್ದ ಗೋಡೆ ಅದು. ಅಪ್ಪ ಮಾತ್ರ ಆ ದಿನ ಮೆಚ್ಚುಗೆಯ ಮಾತಾಡದೆ, ಗೋಡೆಯ ಕೆಳಭಾಗಕ್ಕೆ ಅಂಗೈ ಒತ್ತಿ ಒಂದು ಕ್ಷಣ ನಿಂತು ಒಳಗೆ ಹೋಗಿದ್ದರು. ಗೋಡೆ ತಣ್ಣಗಿದೆ ಎಂಬುದು ಅವರಿಗೆ ಅಂದೇ ಗೊತ್ತಾಗಿತ್ತಂತೆ. ಹೇಳಬಹುದಿತ್ತಲ್ಲ ಎಂದು ಕೇಳಿದರೆ, "ನೀನು ಕೇಳಲಿಲ್ಲ" ಎಂದರು.

ಹಳೆಯ ಮನೆಯನ್ನು ಸ್ವಂತ ಕೈಯಿಂದ ಹೊಸದಾಗಿಸಲು ಹೊರಟವರಲ್ಲಿ ಬಹುಪಾಲು ಜನ ಮೊದಲು ಮಾಡುವ ತಪ್ಪನ್ನೇ ನಾನೂ ಮಾಡಿದ್ದೆ. ಗೋಡೆ ಏಕೆ ಕೆಟ್ಟಿದೆ ಎಂದು ವಿಚಾರಿಸುವ ಮೊದಲೇ ಅದನ್ನು ಮುಚ್ಚಿಬಿಟ್ಟಿದ್ದೆ. ಬಣ್ಣದ ಹಿಂದಿನಿಂದ ಉದುರಿದ ಆ ಬಿಳಿಯ ಪುಡಿ ಉಪ್ಪು. ಇಟ್ಟಿಗೆ ಮತ್ತು ಗಾರೆಯೊಳಗಿನ ಲವಣಗಳು ತೇವದಲ್ಲಿ ಕರಗಿ, ನೀರಿನೊಡನೆ ಗೋಡೆಯ ಮೇಲ್ಮೈವರೆಗೆ ಬರುತ್ತವೆ. ನೀರು ಆವಿಯಾಗಿ ಹೋದಾಗ ಲವಣ ಹರಳುಗಟ್ಟಿ ಅಲ್ಲಿಯೇ ಉಳಿಯುತ್ತದೆ. ಹರಳು ಬೆಳೆಯುತ್ತ ಹೋದಂತೆ ಬಣ್ಣದ ಪದರವನ್ನು ಹಿಂದಿನಿಂದ ತಳ್ಳುತ್ತದೆ. ಎಷ್ಟೇ ಬೆಲೆಬಾಳುವ ಬಣ್ಣವಾದರೂ ಆ ಒತ್ತಡವನ್ನು ತಡೆಯಲಾರದು. ನೀರು ಎಲ್ಲಿಂದ ಬರುತ್ತಿದೆ ಎಂಬುದು ತಿಳಿಯುವವರೆಗೆ ಬ್ರಷ್ ಮುಟ್ಟುವುದಿಲ್ಲ ಎಂದು ಆಗ ನಿರ್ಧರಿಸಿದೆ.

ಮೊದಲ ಪರೀಕ್ಷೆ ತೀರ ಸರಳವಾದದ್ದು. ಸುಮಾರು ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚುಗಳನ್ನು ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ, ಎರಡು ದಿನ ಬಿಟ್ಟೆ. ಹಾಳೆಯ ಹೊರಮೈಯಲ್ಲಿ ಹನಿ ಕಟ್ಟಿದರೆ ಅದು ಕೋಣೆಯ ಗಾಳಿಯಲ್ಲಿರುವ ತೇವ. ಹಾಳೆಯ ಹಿಂದೆ, ಗೋಡೆಯ ಕಡೆಗೆ ಹನಿ ಕಟ್ಟಿದರೆ ಗೋಡೆಯೇ ನೀರು ಉಗುಳುತ್ತಿದೆ ಎಂದರ್ಥ. ನಮ್ಮಲ್ಲಿ ಹನಿಗಳು ಹಾಳೆಯ ಹಿಂದೆ ಇದ್ದವು. ಆ ಗೋಡೆಯ ಆಚೆ ಬದಿ ಬಚ್ಚಲುಮನೆಯದು. ಪೈಪು ಒಡೆದಿದೆ, ಗೋಡೆ ಅಗೆಯಲೇಬೇಕು ಎಂದು ಮನೆಯಲ್ಲಿ ತೀರ್ಮಾನವೇ ಆಗಿಹೋಯಿತು. ಅಗೆಯುವ ಮೊದಲು ಇನ್ನೆರಡು ಪರೀಕ್ಷೆ ಮಾಡೋಣವೆಂದೆ. ಮನೆಯ ಎಲ್ಲ ನಲ್ಲಿಗಳನ್ನು ಮುಚ್ಚಿ ಎರಡು ಗಂಟೆ ಕಾದು ನೋಡಿದಾಗ ನೀರಿನ ಮೀಟರಿನ ಮುಳ್ಳು ಕದಲಿರಲಿಲ್ಲ; ಅಂದರೆ ಸದಾ ಒತ್ತಡದಲ್ಲಿರುವ ನೀರಿನ ಪೈಪು ಸೋರುತ್ತಿಲ್ಲ. ಬಳಿಕ ನಾಲ್ಕು ದಿನ ಆ ಬಚ್ಚಲಿನಲ್ಲಿ ಯಾರೂ ಸ್ನಾನ ಮಾಡದಂತೆ ನೋಡಿಕೊಂಡು, ನೀರನ್ನು ನೆಲಕ್ಕೆ ತಾಗಿಸದೆ ಲಾಳಿಕೆಯ ಮೂಲಕ ನೇರವಾಗಿ ಬಚ್ಚಲಗುಂಡಿಯ ತೂತಿಗೆ ಬಕೆಟ್ಟುಗಟ್ಟಲೆ ಸುರಿದೆ. ಗೋಡೆ ಒಣಗುತ್ತಲೇ ಹೋಯಿತು. ಹೊರಹೋಗುವ ಪೈಪೂ ನಿರಪರಾಧಿ. ಉಳಿದದ್ದು ಒಂದೇ: ಸ್ನಾನದ ನೀರು ಬೀಳುವ ಗೋಡೆಯ ಟೈಲ್ಸಿನ ಸಂದುಗಳು.

ಟಾರ್ಚಿನ ಬೆಳಕನ್ನು ಗೋಡೆಗೆ ಅಡ್ಡಲಾಗಿ ಹಾಯಿಸಿ ನೋಡಿದಾಗ ಎಲ್ಲವೂ ಕಾಣಿಸಿತು. ಟೈಲ್ಸುಗಳ ನಡುವಿನ ಗ್ರೌಟ್ ಅಲ್ಲಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು; ಗೋಡೆ ಮತ್ತು ನೆಲ ಕೂಡುವ ಮೂಲೆಯಲ್ಲಂತೂ ಅದು ಪೂರ್ತಿ ಕಿತ್ತುಹೋಗಿ, ಒಳಗೆ ತೆಳುವಾದ ತಗಡನ್ನು ತೂರಿಸಬಹುದಾಗಿತ್ತು. ಗೋಡೆಯೂ ನೆಲವೂ ಬೇರೆ ಬೇರೆಯಾಗಿ ಕೂದಲೆಳೆಯಷ್ಟು ಹಿಗ್ಗಿ ಕುಗ್ಗುತ್ತವೆ; ಅವು ಕೂಡುವ ಮೂಲೆಯಲ್ಲಿ ಗಡುಸಾದ ಸಿಮೆಂಟಿನ ಗ್ರೌಟ್ ತುಂಬಿದರೆ ಅದು ಬಿರಿಯುವುದು ಖಚಿತ. ಅಲ್ಲಿ ರಬ್ಬರಿನಂತೆ ಎಳೆಯುವ ಸಿಲಿಕೋನ್ ಇರಬೇಕು. ಇಷ್ಟು ಸಣ್ಣ ಸಂಗತಿಯನ್ನು ಹಿಂದಿನ ಕೆಲಸಗಾರರು ಕಡೆಗಣಿಸಿದ್ದರಿಂದ ನಡುಮನೆಯ ಗೋಡೆ ವರ್ಷಗಟ್ಟಲೆ ನೀರು ಕುಡಿದಿತ್ತು.

ಹಳೆಯ ಗ್ರೌಟ್ ಕೆರೆಯುವುದು ಈ ಇಡೀ ಮನೆಗೆಲಸದಲ್ಲಿ ನಾನು ಅತ್ಯಂತ ದ್ವೇಷಿಸಿದ ಕೆಲಸ. ಕೈಗರಗಸದಂತಹ ಚಿಕ್ಕ ಉಪಕರಣದಿಂದ ಪ್ರತಿ ಸಂದನ್ನೂ ಎರಡು ಮೂರು ಮಿಲಿಮೀಟರ್ ಆಳಕ್ಕೆ ಕೆರೆಯಬೇಕು. ಅವಸರಪಟ್ಟರೆ ಟೈಲ್ಸಿನ ಅಂಚು ಚಕ್ಕೆ ಏಳುತ್ತದೆ. ಹಳೆಯದರ ಮೇಲೆಯೇ ಹೊಸದನ್ನು ಸವರಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಕೆಲವು ತಿಂಗಳ ಮಟ್ಟಿಗೆ. ಹೊಸ ಗ್ರೌಟನ್ನು ರಬ್ಬರ್ ಪಟ್ಟಿಯಿಂದ ಸಂದುಗಳಿಗೆ ಓರೆಯಾಗಿ ಎಳೆಯುತ್ತ ಒತ್ತಿ ತುಂಬಬೇಕು. ಸಂದಿನ ನೇರಕ್ಕೇ ಎಳೆದರೆ ಪಟ್ಟಿಯ ಅಂಚು ಒಳಗಿಳಿದು, ತುಂಬಿದ್ದನ್ನೇ ಮತ್ತೆ ಹೊರಗೆ ತರುತ್ತದೆ. ಸ್ವಲ್ಪ ಬಿಗಿಯಾದ ಮೇಲೆ ಸ್ಪಂಜಿನಿಂದ ಒರೆಸುವಾಗ ಸ್ಪಂಜು ಚೆನ್ನಾಗಿ ಹಿಂಡಿದ್ದಾಗಿರಬೇಕು. ನಾನು ಮೊದಲ ಸಾಲಿನಲ್ಲಿ ನೀರು ತೊಟ್ಟಿಕ್ಕುವ ಸ್ಪಂಜನ್ನೇ ಬಳಸಿದ್ದರಿಂದ ಆ ಸಾಲಿನ ಗ್ರೌಟ್ ಇಂದಿಗೂ ಉಳಿದವುಗಳಿಗಿಂತ ಬಿಳುಚಿಕೊಂಡು, ತಗ್ಗಾಗಿ ಕಾಣುತ್ತದೆ.

ಮೂಲೆಗಳಿಗೆ ಸಿಲಿಕೋನ್ ಹಾಕುವಾಗ ಹಳೆಯ ಸಿಲಿಕೋನಿನ ಒಂದು ಎಳೆಯೂ ಉಳಿಯದಂತೆ ಬ್ಲೇಡಿನಿಂದ ತೆಗೆದುಹಾಕಬೇಕು, ಏಕೆಂದರೆ ಹೊಸದು ಹಳೆಯದಕ್ಕೆ ಅಂಟಿಕೊಳ್ಳುವುದಿಲ್ಲ. ಜಾಗ ಪೂರ್ತಿ ಒಣಗಿರಬೇಕು. ಮೂಲೆಯ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ನಡುವೆ ಸಿಲಿಕೋನ್ ಎಳೆದು, ಸಾಬೂನು ನೀರಿನಲ್ಲಿ ಅದ್ದಿದ ಬೆರಳಿನಿಂದ ಒಂದೇ ಸಲಕ್ಕೆ ಸವರಿ, ಕೆನೆಗಟ್ಟುವ ಮೊದಲೇ ಟೇಪನ್ನು ಕಿತ್ತೆ. ಈ ಟೇಪನ್ನು 1925ರಲ್ಲಿ ರಿಚರ್ಡ್ ಡ್ರೂ ಎಂಬಾತ ರೂಪಿಸಿದ್ದು, ಕಾರುಗಳಿಗೆ ಎರಡೆರಡು ಬಣ್ಣ ಬಳಿಯುತ್ತಿದ್ದವರ ಗೋಳನ್ನು ಕಂಡು. ನನ್ನಂತೆ ನಡುಗುವ ಕೈಯವರ ಗೋಳನ್ನೂ ಅದು ಪರಿಹರಿಸಿದೆ. ಸಿಲಿಕೋನ್ ಗಟ್ಟಿಯಾಗಲು ಒಂದು ಇಡೀ ದಿನ ಬಿಡಬೇಕು. ಆ ದಿನ ಬಚ್ಚಲಿನ ಬಾಗಿಲಿಗೆ ಹಗ್ಗ ಕಟ್ಟಿ ಕಾವಲು ಕಾದದ್ದನ್ನು ಮನೆಯವರು ಇನ್ನೂ ಆಡಿಕೊಳ್ಳುತ್ತಾರೆ.

ಇದಾದ ಮೇಲೂ ನಡುಮನೆಯ ಗೋಡೆಗೆ ಕೈ ಹಾಕಲಿಲ್ಲ. ಪೊಳ್ಳಾದ ಗಿಲಾವನ್ನು ಉಳಿಯಿಂದ ಬಿಡಿಸಿ, ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ ತೆಗೆದು, ಇಟ್ಟಿಗೆ ಕಾಣುವಂತೆ ತಿಂಗಳುಗಟ್ಟಲೆ ಬಿಟ್ಟೆವು. ಉಪ್ಪನ್ನು ನೀರಿನಿಂದ ತೊಳೆಯಬಾರದು. ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಕ್ಕೇ ಸೇರುತ್ತದೆ. ಬಂದವರೆಲ್ಲ ಗೋಡೆಗೇನಾಯಿತು ಎಂದು ಕೇಳುವರು, ಅಮ್ಮ ನನ್ನ ಕಡೆ ನೋಡುವರು. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಮತ್ತೆ ಮಾಡಿ, ಹನಿ ಕಾಣದಾದ ಮೇಲೆಯೇ ಹೊಸ ಗಿಲಾವು ಮಾಡಿದ್ದು. ಸಿಮೆಂಟಿನ ಗಿಲಾವಿಗೆ ವಾರದವರೆಗೆ ನೀರುಣಿಸಿ, ಬಳಿಕ ಒಣಗಲು ಬಿಟ್ಟು, ಒಟ್ಟು 28 ದಿನ ಕಳೆದ ಮೇಲೆ ಪ್ರೈಮರ್ ಬಳಿಯುವುದು ಕ್ರಮ. ಹಸಿ ಸಿಮೆಂಟಿನಲ್ಲಿರುವ ಕ್ಷಾರ ಬಣ್ಣವನ್ನು ತಿನ್ನುತ್ತದೆ.

ಸುತ್ತಲಿನ ಹಳೆಯ ಬಣ್ಣವನ್ನು ಉಜ್ಜುವಾಗ ಕಂಡದ್ದನ್ನು ಹೇಳದಿರಲಾರೆ. ಎಲ್ಲಕ್ಕಿಂತ ಮೇಲೆ ನನ್ನ ಕೆನೆಬಣ್ಣ. ಅದರ ಕೆಳಗೆ ತಿಳಿಹಸಿರು. ಅದರ ಕೆಳಗೆ ಆಕಾಶನೀಲಿ. ಎಲ್ಲಕ್ಕಿಂತ ಕೆಳಗೆ, ಗಾರೆಗೆ ಅಂಟಿಕೊಂಡಂತೆ, ಬೆರಳಿಗೆ ಹತ್ತುವ ಸುಣ್ಣ. ಮರದ ಕಾಂಡದ ಉಂಗುರಗಳಂತೆ ಪದರಗಳು ಅಂಚಿನಲ್ಲಿ ಎದ್ದು ಕಾಣುತ್ತಿದ್ದವು. ನೀಲಿಯನ್ನು ಬಳಿದದ್ದು ತಾವೇ ಎಂದು ಅಪ್ಪ ಹೇಳಿದರು. ಆಗ ನಾನಿನ್ನೂ ಹುಟ್ಟಿರಲಿಲ್ಲವಂತೆ. ಮನೆ ಇಷ್ಟು ಹಳೆಯದಾಗಿದ್ದರೆ ಒಂದು ಎಚ್ಚರಿಕೆ ಅಗತ್ಯ. ಹಳೆಯ ಎಣ್ಣೆಬಣ್ಣಗಳಲ್ಲಿ, ಮುಖ್ಯವಾಗಿ ಬಾಗಿಲು ಕಿಟಕಿಗಳಿಗೆ ಬಳಿದವುಗಳಲ್ಲಿ, ಸೀಸ ಇರುವ ಸಾಧ್ಯತೆ ಹೆಚ್ಚು, ಮತ್ತು ಸೀಸದ ವಿಷಯದಲ್ಲಿ ಇಷ್ಟರವರೆಗೆ ಅಪಾಯವಿಲ್ಲ ಎನ್ನುವಂತಹ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಣದಾಗಿ ಉಜ್ಜಿದರೆ ಆ ಧೂಳು ಮನೆಯಿಡೀ ಹರಡಿ, ನೆಲದ ಮೇಲೆ ಆಡುವ ಮಕ್ಕಳ ಬಾಯಿಗೆ ಹೋಗುತ್ತದೆ. ಆದ್ದರಿಂದ ನೀರು ಚಿಮುಕಿಸಿ ಒದ್ದೆಯಾಗಿಯೇ ಉಜ್ಜಿ, ಮುಖಕ್ಕೆ ಒಳ್ಳೆಯ ಮಾಸ್ಕ್ ಧರಿಸಿ, ಮಕ್ಕಳನ್ನು ಬೇರೆ ಕೋಣೆಯಲ್ಲಿ ಇರಿಸಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿದೆವು.

ಬಣ್ಣ ಬಳಿದದ್ದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎರಡು ಮಧ್ಯಾಹ್ನಗಳಲ್ಲಿ ಮುಗಿಯಿತು.

ಎರಡನೆಯ ದೊಡ್ಡ ಕೆಲಸ ಹಿಂದಿನ ಕೋಣೆಯ ಬಾಗಿಲು. ಮಳೆಗಾಲ ಬಂತೆಂದರೆ ಅದು ಚೌಕಟ್ಟಿಗೆ ಕಚ್ಚಿಕೊಂಡು, ಭುಜ ಕೊಟ್ಟು ತಳ್ಳದೆ ತೆರೆಯುತ್ತಿರಲಿಲ್ಲ. ಮರವು ತೇವ ಹೀರಿದಾಗ ಎಳೆಯ ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ, ಹಿಗ್ಗುವುದೆಲ್ಲ ಅಗಲಕ್ಕೆ. ಅದಕ್ಕಾಗಿಯೇ ಬಾಗಿಲು ಚಿಲಕದ ಬದಿಯಲ್ಲಿ ಹಿಡಿಯುತ್ತದೆ. ನಾನು ಕೀಸುಳಿ ತೆಗೆದುಕೊಂಡು ಹೊರಟಾಗ ಅಪ್ಪ ಈ ಸಲ ಸುಮ್ಮನಿರಲಿಲ್ಲ. "ಮೊದಲು ಕೀಲು ನೋಡು, ಆಮೇಲೆ ಕೀಸುಳಿ ಹಿಡಿ" ಎಂದರು. ಮಳೆಗಾಲದಲ್ಲಿ ಉಬ್ಬಿದ ಬಾಗಿಲನ್ನು ಆಗಲೇ ಕೀಸಿದರೆ, ಬೇಸಿಗೆಯಲ್ಲಿ ಅದು ಕುಗ್ಗಿ ಬೆರಳು ತೂರುವಷ್ಟು ಸಂದು ಬಿಡುತ್ತದೆ ಎಂಬುದು ಅವರ ಮಾತಿನ ಉಳಿದರ್ಧ.

ಅವರೆಂದಂತೆ ಕೀಲುಗಳನ್ನು ನೋಡಿದೆ. ಬಾಗಿಲನ್ನು ಅರ್ಧ ತೆರೆದು, ಹಿಡಿಕೆಯನ್ನು ಹಿಡಿದು ಮೇಲಕ್ಕೆ ಎತ್ತಿದಾಗ ಮೇಲಿನ ಕೀಲು ಚೌಕಟ್ಟಿಗೆ ಒತ್ತಿ ಕುಳಿತು, ಕೈಬಿಟ್ಟಾಗ ಮತ್ತೆ ಒಂದು ನೂಲಿನಷ್ಟು ಈಚೆಗೆ ಬಂದಿತು. ಅದರ ಮೂರು ತಿರುಪುಮೊಳೆಗಳಲ್ಲಿ ಎರಡು ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುಮ್ಮನೆ ಸುತ್ತುತ್ತಿದ್ದವು. ತೂತಿನೊಳಗಿನ ಮರ ಸವೆದುಹೋಗಿತ್ತು. ಮೇಲಿನ ಕೀಲು ಸಡಿಲವಾದರೆ ಬಾಗಿಲು ಚಿಲಕದ ಬದಿಗೆ ಜೋತುಬಿದ್ದು, ಅಲ್ಲಿಯ ಮೇಲಿನ ಮೂಲೆ ಚೌಕಟ್ಟಿಗೂ ಕೆಳಗಿನ ಮೂಲೆ ಹೊಸ್ತಿಲಿಗೂ ಉಜ್ಜುತ್ತದೆ. ತೂತುಗಳಿಗೆ ಅಂಟು ಹಚ್ಚಿದ ಮರದ ಕಡ್ಡಿಗಳನ್ನು ಬಿಗಿಯಾಗಿ ಬಡಿದು, ಒಂದು ರಾತ್ರಿ ಒಣಗಲು ಬಿಟ್ಟು, ಹೊರಗೆ ಉಳಿದ ತುದಿಯನ್ನು ಕತ್ತರಿಸಿ, ನಡುವೆ ಸಣ್ಣ ತೂತು ಕೊರೆದು, ಮೊದಲಿಗಿಂತ ಉದ್ದವಾದ ತಿರುಪುಮೊಳೆಗಳನ್ನು ಹಾಕಿದೆ. ಬಾಗಿಲು ಮೇಲೆದ್ದು ನಿಂತಿತು. ಇನ್ನೂ ಉಜ್ಜುತ್ತಿದ್ದ ಜಾಗ ತಿಳಿಯಲು ಚೌಕಟ್ಟಿನ ಅಂಚಿಗೆ ಬಳಪ ಸವರಿ ಬಾಗಿಲನ್ನು ಮುಚ್ಚಿ ತೆರೆದಾಗ, ಬಾಗಿಲಿನ ಅಂಚಿಗೆ ಒಂದು ಗೇಣುದ್ದದ ಗುರುತು ಮಾತ್ರ ಬಿದ್ದಿತ್ತು. ಬೇಸಿಗೆ ಬಂದ ಮೇಲೆ ಅಷ್ಟನ್ನು ಮಾತ್ರ, ಒಂದು ಮಿಲಿಮೀಟರಿನಷ್ಟು, ಕೀಸಿದೆ. ಕುರ್ಚಿಯ ಮೇಲೆ ನಿಂತಾಗ ಕಂಡ ಇನ್ನೊಂದು ಸಂಗತಿ: ಬಾಗಿಲಿನ ನೆತ್ತಿಯ ಅಂಚಿಗೆ ಇದುವರೆಗೆ ಯಾರೂ ಬಣ್ಣವನ್ನೇ ಬಳಿದಿರಲಿಲ್ಲ. ಎಳೆಯ ತುದಿಗಳು ಅಲ್ಲಿ ಬಾಯಿ ತೆರೆದುಕೊಂಡಿರುವುದರಿಂದ ಮರ ಅತಿ ಹೆಚ್ಚು ತೇವ ಕುಡಿಯುವುದು ಅಲ್ಲಿಯೇ. ನೆತ್ತಿಗೆ ಎರಡು ಕೋಟ್ ಬಳಿದೆ.

ಪುಸ್ತಕದ ಹಲಗೆಯನ್ನು ಗೋಡೆಗೆ ಕೂರಿಸುವಾಗ ಹಳೆಯ ಮೊಳೆಯೊಂದನ್ನು ಎಳೆದರೆ ಅದರೊಡನೆ ಒಣಗಿ ಸೊರಗಿದ ಮರದ ಬಿರಡೆಯೂ ಬಂದಿತು. ಗೋಡೆಯಲ್ಲಿ ಗುಂಡಿ ತೋಡಿ, ಮರ ತುಂಬಿ, ಅದಕ್ಕೆ ಮೊಳೆ ಹೊಡೆಯುವುದು ಹಿಂದಿನವರ ಪದ್ಧತಿ. 1958ರಲ್ಲಿ ಆರ್ಟೂರ್ ಫಿಷರ್ ನೈಲಾನಿನ ಪ್ಲಗ್ ಕಂಡುಹಿಡಿದದ್ದರಿಂದ ನಮಗೆ ಆ ಶ್ರಮ ಉಳಿದಿದೆ. ಸ್ಕ್ರೂ ಒಳಗೆ ಹೋದಂತೆ ಪ್ಲಗ್ ಅರಳಿ ತೂತಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ. 6 ಮಿಲಿಮೀಟರಿನ ಪ್ಲಗ್ಗಿಗೆ 6 ಮಿಲಿಮೀಟರಿನ ಬಿಟ್ ಬಳಸಿ, ಎಷ್ಟು ಆಳ ಬೇಕೆಂದು ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿಕೊಂಡು, ಕೊರೆದ ಧೂಳನ್ನು ತೆಗೆದರೆ ಸಾಕು. ಸ್ವಿಚ್ ಬೋರ್ಡಿನ ನೇರ ಮೇಲೆ ಮತ್ತು ನೇರ ಕೆಳಗೆ ಮಾತ್ರ ಕೊರೆಯಬಾರದು. ತಂತಿಗಳು ಸಾಮಾನ್ಯವಾಗಿ ಹಾದುಹೋಗುವುದು ಆ ದಾರಿಯಲ್ಲಿಯೇ.

ಎರಡು ಕೆಲಸಗಳಿಗೆ ನಾನು ಕೈ ಹಾಕಲಿಲ್ಲ, ಅದರ ಬಗ್ಗೆ ನಾಚಿಕೆಯೂ ಇಲ್ಲ. ವಿದ್ಯುತ್ತಿನ ಕೆಲಸವನ್ನು ಪರವಾನಗಿ ಇರುವವರಿಗೆ ಒಪ್ಪಿಸಿ, 30 ಮಿಲಿಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಸಾಧನವನ್ನು ಮುಖ್ಯ ಫಲಕಕ್ಕೆ ಹಾಕಿಸಿದೆವು. ಅಡುಗೆಮನೆ ಮತ್ತು ನಡುಮನೆಯ ನಡುವಿನ ಗೋಡೆಯನ್ನು ತೆಗೆದರೆ ಬೆಳಕು ಬರುತ್ತದೆ ಎಂಬ ಆಸೆ ಅಮ್ಮನಿಗಿತ್ತು. ಆ ಗೋಡೆ ಮೇಲಿನ ಭಾರ ಹೊತ್ತಿದೆ ಎಂದು ಎಂಜಿನಿಯರ್ ಹೇಳಿದ ಮೇಲೆ ಸುತ್ತಿಗೆ ಡಬ್ಬಿಯಲ್ಲೇ ಉಳಿಯಿತು.

ಪುಸ್ತಕದ ಹಲಗೆಯ ಹಿಂದೆ ಅಂಗೈಯಗಲದ ಗೋಡೆಯನ್ನು ಬಣ್ಣ ಬಳಿಯದೆ, ಹಳೆಯ ಪದರಗಳು ಕಾಣುವಂತೆ ಬಿಟ್ಟಿದ್ದೇನೆ. ಹಲಗೆಯ ಕೆಳಮೈಯಲ್ಲಿ ಬಣ್ಣದ ಸಂಖ್ಯೆ, ಬಳಿದ ತಿಂಗಳು, ಗ್ರೌಟ್ ಬದಲಿಸಿದ ತಿಂಗಳು, ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಬಾಗಿಲಿನ ಕೆಳಗಿನ ಅಂಚು ಮಾತ್ರ ಇನ್ನೂ ಬಣ್ಣ ಕಾಣದೆ ಉಳಿದಿದೆ. ಅದಕ್ಕೆ ಬಾಗಿಲನ್ನು ಕೀಲಿನಿಂದ ಇಳಿಸಬೇಕು, ಇಳಿಸಲು ಹಿಡಿಯುವವರು ಇನ್ನೊಬ್ಬರು ಬೇಕು, ಮತ್ತು ಅಷ್ಟು ಭಾರ ಎತ್ತುವ ವಯಸ್ಸು ತಮ್ಮದಲ್ಲ ಎಂಬುದನ್ನು ಅಪ್ಪ ಒಪ್ಪುತ್ತಿಲ್ಲ.