ಬೆನ್ನು ಬಾಗಿದ ಹೆಂಗಸಿನ ಸೋಮವಾರ

ವಾರದ ದಿನಗಳ ಬಲಿಪೂಜೆಗೆ, ಎಂದರೆ ಮಾಸ್‌ಗೆ, ನಮ್ಮ ದಾವಣಗೆರೆಯ ಕಥೋಲಿಕ ದೇವಾಲಯಕ್ಕೆ ಬರುವವರು ಕಡಿಮೆ. ಕನ್ಯಾಸ್ತ್ರೀಯರು, ಪಾಳಿ ಮುಗಿಸಿ ಬರುವ ಒಬ್ಬಿಬ್ಬರು ನರ್ಸ್‌ಗಳು, ನಸುಕಿನಲ್ಲೇ ಎಚ್ಚರವಾಗುವ ಹಿರಿಯರು. ಗಾನವೃಂದವಿಲ್ಲ, ಮಕ್ಕಳ ಗಲಾಟೆಯಿಲ್ಲ. ಯೇಸುವಿನ ಬದುಕನ್ನು ಹೇಳುವ ಶುಭಸಂದೇಶ ನೇರವಾಗಿ ಮನಸ್ಸಿಗೆ ನಾಟುವುದು ಇಂಥ ದಿನಗಳಲ್ಲೇ ಎಂದು ನಾನು ನಂಬಿದ್ದೇನೆ.

2025ರ ಅಕ್ಟೋಬರ್ 27, ನಮ್ಮ ಪೂಜಾವರ್ಷದ ‘ಸಾಧಾರಣ ಕಾಲ’ದ 30ನೆಯ ವಾರದ ಸೋಮವಾರ. ಬೈಬಲಿನ ಮೊದಲ ವಾಚನ ಓದುವ ಸರದಿ ನನ್ನದಾಗಿತ್ತು: ಪೌಲನು ರೋಮನರಿಗೆ ಬರೆದ ಪತ್ರದ 8ನೆಯ ಅಧ್ಯಾಯ. ನಾವು ಭಯದಲ್ಲಿ ಬದುಕುವ ಗುಲಾಮರಲ್ಲ, ದೇವರನ್ನು ‘ಅಪ್ಪಾ’ ಎಂದು ಕರೆಯುವ ಮಕ್ಕಳು ಎನ್ನುವ ಭಾಗ ಅದು. ಓದಿ ಬಂದು ಕುಳಿತೆ. ಪೂಜೆ ಅರ್ಪಿಸುವ ಪಾದ್ರಿ ಸ್ವಾಮಿಗಳು ಲೂಕನ ಶುಭಸಂದೇಶದ 13ನೆಯ ಅಧ್ಯಾಯ ತೆರೆದರು.

ನಾಲ್ಕು ಶುಭಸಂದೇಶಕಾರರಲ್ಲಿ ಲೂಕನೊಬ್ಬನೇ ಹೇಳುವ ಕಥೆ. ಹದಿನೆಂಟು ವರ್ಷಗಳಿಂದ ನಡು ಬಾಗಿ, ನೆಟ್ಟಗೆ ನಿಲ್ಲಲಾಗದ ಹೆಂಗಸೊಬ್ಬಳು, ಕೆಲಸ ಮಾಡಬಾರದ ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್‌ನಂದು, ಪ್ರಾರ್ಥನಾಮಂದಿರದಲ್ಲಿದ್ದಾಳೆ. ಅವಳು ಏನನ್ನೂ ಕೇಳುವುದಿಲ್ಲ. ಶುಭಸಂದೇಶದಲ್ಲಿ ಬೇರೆಡೆ ಬರುವ ಕುರುಡ ಬಾರ್ತಿಮಾಯನಂತೆ ಕೂಗುವುದಿಲ್ಲ, ರಕ್ತಸ್ರಾವದ ಹೆಂಗಸಿನಂತೆ ಯೇಸುವಿನ ಬಟ್ಟೆಯ ಅಂಚನ್ನು ಮುಟ್ಟುವುದಿಲ್ಲ. ಯೇಸುವೇ ಅವಳನ್ನು ನೋಡಿ, ಹತ್ತಿರ ಕರೆದು, ಕೈಯಿಟ್ಟು ಗುಣಪಡಿಸುತ್ತಾರೆ. ಮಂದಿರದ ಅಧಿಕಾರಿಗೆ ಸಿಟ್ಟು ಬರುತ್ತದೆ. ಆದರೆ ಅವನು ಯೇಸುವಿಗೆ ಹೇಳುವುದಿಲ್ಲ, ಜನರನ್ನು ಗದರಿಸುತ್ತಾನೆ: ದುಡಿಯಲು ಆರು ದಿನಗಳಿವೆ, ಆಗ ಬಂದು ಗುಣವಾಗಿ! ಈ ಮಾತು ನನಗೆ ಪ್ರತಿ ಸಲವೂ ನೋವು ಕೊಡುತ್ತದೆ. ಉಳಿದ ಆರು ದಿನ ಅವಳತ್ತ ತಿರುಗಿ ನೋಡಿದವರು ಯಾರು? ಸಬ್ಬತ್ ದಿನವೂ ಎತ್ತನ್ನೋ ಕತ್ತೆಯನ್ನೋ ಗೋದಲಿಯಿಂದ ಬಿಚ್ಚಿ ನೀರಿಗೆ ಕರೆದೊಯ್ಯುತ್ತೀರಲ್ಲ, ಅಬ್ರಹಾಮನ ವಂಶದ ಈ ಮಗಳ ಕಟ್ಟು ಬಿಚ್ಚಬಾರದೇ ಎಂದು ಯೇಸು ಕೇಳುವಾಗ, ನನ್ನ ಪಾಲಿಗೆ ಅದು ಇಡೀ ಧರ್ಮಶಾಸ್ತ್ರವನ್ನೇ ಹೇಳಿಬಿಡುತ್ತದೆ.

ನಮ್ಮ ದೇವಾಲಯದಲ್ಲೂ ನಡು ಬಾಗಿದ ಅಜ್ಜಿಯೊಬ್ಬರಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಬದುಕಿನ ಬಹುಭಾಗ ಮಂಡಕ್ಕಿ ಭಟ್ಟಿಯಲ್ಲಿ ಕಳೆದವರು. ನೆನೆಸಿ ಬೇಯಿಸಿದ ಭತ್ತವನ್ನು ಅಂಗಳದಲ್ಲಿ ಹರಡಿ ಬಿಸಿಲಿನಲ್ಲಿ ಬಗ್ಗಿ ಕೈಯಾಡಿಸುವುದು, ಅಕ್ಕಿಗೆ ಉಪ್ಪುನೀರು ಹದ ಮಾಡುವುದು, ಕಾದ ಮರಳಿನಲ್ಲಿ ಅರಳಿದ ಮಂಡಕ್ಕಿಯನ್ನು ಜರಡಿ ಹಿಡಿಯುವುದು, ಎಲ್ಲವೂ ಬಗ್ಗಿಯೇ ಮಾಡುವ ಕೆಲಸ. ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯಾದ ಪರಮಪ್ರಸಾದ ಸ್ವೀಕರಿಸಲು ಅವರು ಬಂದಾಗ ಸ್ವಾಮಿಗಳು ತಾವೇ ಸೊಂಟ ಬಗ್ಗಿಸುತ್ತಾರೆ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆ ಮರಿಯಮ್ಮನ ಹಬ್ಬಕ್ಕೂ ತಪ್ಪದೆ ಹೋಗುತ್ತಾರೆ. ನಿಂತರೆ ತಾಯಿಯ ಮುಖ ಕಾಣುವುದಿಲ್ಲ; ಗೋಡೆಗೆ ಒರಗಿ ಕುಳಿತು ಗಲ್ಲ ಮೇಲೆತ್ತಿದರೆ ಕಾಣುತ್ತದೆ ಎಂದು ಒಮ್ಮೆ ಹೇಳಿದ್ದರು.

ಅಕ್ಟೋಬರ್ ಜಪಸರದ, ಎಂದರೆ ಮಣಿಸರ ಹಿಡಿದು ಮರಿಯಮ್ಮನಿಗೆ ಮಾಡುವ ಪ್ರಾರ್ಥನೆಯ, ತಿಂಗಳು. 1883ರಲ್ಲಿ ಪೋಪ್ 13ನೆಯ ಲಿಯೋ ಕೊಟ್ಟ ಕರೆಯಿಂದ ಜಗತ್ತಿನಾದ್ಯಂತ ಹಬ್ಬಿದ ರೂಢಿಯಿದು. ನಮ್ಮಲ್ಲಿ ಸಂಜೆ ಒಂದೊಂದು ಮನೆಯಲ್ಲಿ ಕೂಡಿ ಜಪಿಸುತ್ತೇವೆ. ಆ ಸಂಜೆ ಗೊತ್ತಾಗಿದ್ದ ಮನೆಯವರು ಊರಿಗೆ ಹೋಗಬೇಕಾಗಿ ಬಂದಿತ್ತು. ಪೂಜೆ ಮುಗಿದು ಅಂಗಳದಲ್ಲಿ ಮಾತಾಡುತ್ತಿದ್ದಾಗ ನರ್ಸ್ ಅಕ್ಕ, “ಅಜ್ಜಿ, ಇವತ್ತು ನಿಮ್ಮ ಮನೆಗೆ ಬರೋಣವೇ?” ಎಂದರು.

“ನಾಲ್ಕು ಜನ ಕೂರಲು ಜಾಗವಿಲ್ಲ ತಾಯಿ.”

“ಓಣಿ ಇದೆಯಲ್ಲ ಅಜ್ಜಿ.”

ಓಣಿಯಲ್ಲೇ ಕುಳಿತೆವು. ಪಕ್ಕದ ಮನೆಯ ಮುಸ್ಲಿಂ ಹೆಣ್ಣುಮಗಳು, ಅಜ್ಜಿಯೊಂದಿಗೆ ಭಟ್ಟಿಯಲ್ಲಿ ದುಡಿದವರು, ತಮ್ಮ ಚಾಪೆಗಳನ್ನು ತಂದು ಹಾಸಿ, ಟಿವಿ ಆರಿಸಿ ಹೊಸ್ತಿಲಲ್ಲಿ ಕುಳಿತರು. ಜಪಸರದಲ್ಲಿ ಧ್ಯಾನಿಸುವ ಯೇಸು-ಮರಿಯರ ಬದುಕಿನ ಘಟನೆಗಳನ್ನು ರಹಸ್ಯಗಳೆನ್ನುತ್ತೇವೆ; ಸೋಮವಾರ ಸಂತೋಷದ ರಹಸ್ಯಗಳ ದಿನ. ಎರಡನೆಯದು, ಮರಿಯಮ್ಮ ಬೆಟ್ಟದ ನಾಡಿಗೆ ಹೋಗಿ ಬಂಧು ಎಲಿಜಬೇತಳ ಮನೆ ಹೊಕ್ಕದ್ದು. ‘ನಮೋ ಮರಿಯ’ ಪ್ರಾರ್ಥನೆ ಕೊಂಕಣಿಯ, ತಮಿಳಿನ, ಮಲಯಾಳದ ಧಾಟಿಗಳಲ್ಲಿ ಕನ್ನಡವಾಗಿ ಹೊರಡುವುದನ್ನು ಕೇಳುವುದೆಂದರೆ ನನಗೆ ಬಲು ಇಷ್ಟ. ಅಜ್ಜಿಯದು ಅಪ್ಪಟ ದಾವಣಗೆರೆಯ ಧಾಟಿ.

ಜಪ ಮುಗಿದ ಮೇಲೆ ಕಾಗದದ ಮೇಲೆ ಖಾರ ಮಂಡಕ್ಕಿ ಬಂತು. ಬೆಳಗಿನ ಶುಭಸಂದೇಶದ ಮಾತೆತ್ತಿದೆ. ಅಜ್ಜಿಯ ದನಿ ಗಟ್ಟಿಯಾಯಿತು.

“ಆ ಹೆಂಗಸು ಹೆಚ್ಚುಕಡಿಮೆ ಪ್ರತಿ ವರ್ಷ ಜಪಸರದ ತಿಂಗಳ ಕೊನೆಗೆ ಬರುತ್ತಾಳೆ. ಆ ದಿನದ ಪೂಜೆ ನಾನು ತಪ್ಪಿಸುವುದಿಲ್ಲ. ನಡು ಬಾಗಿದವರಿಗೆ ಜನ ಗೊತ್ತಾಗುವುದು ಪಾದದಿಂದ. ನಿನ್ನ ಬಲಗಾಲಿನ ಹೆಬ್ಬೆರಳ ಉಗುರು ಸೀಳಿದೆ, ಈಕೆಯ ಹಿಮ್ಮಡಿ ಒಡೆದಿದೆ. ಅವಳಿಗೂ ಹಾಗೆಯೇ ಗೊತ್ತಿದ್ದಿರಬೇಕು, ಊರಿನವರೆಲ್ಲ. ನೆಟ್ಟಗಾದಾಗ ಮೊದಲು ಕಂಡದ್ದು ಯೇಸುಸ್ವಾಮಿಯ ಮುಖ. ಎಂಥ ಪುಣ್ಯವಂತೆ!”

“ನಿಮಗೆ ಗುಣವಾಗಲಿಲ್ಲವೆಂದು ಬೇಸರವಿಲ್ಲವೇ ಅಜ್ಜಿ?” ಎಂದು ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು.

“ಇದೆ. ಇಲ್ಲದೆ ಏನು? ಆತನ ಹತ್ತಿರವೇ ಹೇಳಿಕೊಳ್ಳುತ್ತೇನೆ. ಅಪ್ಪ ಎಂದು ಕರೆಯಬಹುದೆಂದು ಬೆಳಿಗ್ಗೆ ಇವರೇ ಓದಿದರಲ್ಲ!”

ಗುಣವಾದ ಮೇಲೆ ಶುಭಸಂದೇಶದ ಆ ಹೆಂಗಸು ಎಲ್ಲಿಗೆ ಹೋದಳೆಂಬ ಚರ್ಚೆ ಎದ್ದಿತು. ಲೂಕ ಅದನ್ನು ಹೇಳಿಲ್ಲ. ದೇವರನ್ನು ಕೊಂಡಾಡಿದಳು ಎಂದಷ್ಟೇ ಇದೆ. ಸೀದಾ ಮನೆಗೆ ಹೋಗಿ ಅಟ್ಟದ ಮೇಲಿನ ಪಾತ್ರೆ ಇಳಿಸಿರುತ್ತಾಳೆ ಎಂದರು ನರ್ಸ್ ಅಕ್ಕ. ಅಕ್ಕಪಕ್ಕದವರ ಮುಖ ನೋಡಲು ಮನೆಮನೆ ಸುತ್ತಿರುತ್ತಾಳೆ ಎಂದರು ಹೊಸ್ತಿಲಲ್ಲಿ ಕುಳಿತಿದ್ದ ನೆರೆಯಾಕೆ. ನನಗನ್ನಿಸುವುದು ಬೇರೆ. ಅವಳು ತಕ್ಷಣ ಎಲ್ಲಿಗೂ ಹೋಗಿರಲಿಕ್ಕಿಲ್ಲ. ಅಷ್ಟು ವರ್ಷ ದನಿ ಮಾತ್ರ ಕೇಳಿದ್ದ ಆ ಅಧಿಕಾರಿಯ ಎದುರು ನೆಟ್ಟಗೆ ನಿಂತು, ಅವನ ಮುಖವನ್ನು ಕಣ್ತುಂಬ ನೋಡಿರುತ್ತಾಳೆ. ಅಜ್ಜಿ ಇದನ್ನು ಒಪ್ಪಲಿಲ್ಲ. “ಯೇಸುವಿನ ಮುಖ ಕಂಡವಳಿಗೆ ಅವನ ಮುಖ ಯಾಕೆ ಬೇಕು?” ಎಂದು ನನ್ನ ಮುಂದೆ ಇನ್ನೊಂದು ಹಿಡಿ ಮಂಡಕ್ಕಿ ಸುರಿದರು.