ವಿದೇಶಿ ಸ್ವಯಂಸೇವಕರ ಜೊತೆ ಬಾದಾಮಿ ಸೀಮೆ: ಬಿಸಿಲು ನೋಡಿ ದಾರಿ ಹಾಕಿ

ಬಾಗಲಕೋಟೆ ಕಡೆ ಶಾಲೆಗಳಲ್ಲಿ ಕೆಲಸ ಮಾಡಲು ಹೊರದೇಶದ ಸ್ವಯಂಸೇವಕರು ಬಂದಾಗ, ಅವರನ್ನು ಇಟ್ಟುಕೊಂಡವರು ಮಾಡುವ ತಪ್ಪು ಸಾಮಾನ್ಯವಾಗಿ ಒಂದೇ. ಭಾನುವಾರ ಒಂದು ಗಾಡಿ ಹಿಡಿದು ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಹೊತ್ತು ಉಳಿದರೆ ಕೂಡಲಸಂಗಮವನ್ನೂ ಮುಗಿಸಿಬಿಡುವ ಯೋಜನೆ. ಮಧ್ಯಾಹ್ನ ಎರಡಕ್ಕೆ ಎಲ್ಲರೂ ಗಾಡಿಯೊಳಗೇ ಕೂತು ನೀರು ಕುಡಿಯುತ್ತಿರುತ್ತಾರೆ, ಗುಡಿ ಹೊರಗೆ ಒಣಗುತ್ತಿರುತ್ತದೆ. ಶನಿವಾರ ಶಾಲೆ ಬೆಳಗಿನದಷ್ಟೇ. ಆ ಮಧ್ಯಾಹ್ನವನ್ನೂ ಸೇರಿಸಿಕೊಂಡರೆ ಒಂದೂವರೆ ದಿನ ಸಿಗುತ್ತದೆ. ಸಾಕು.

ಹೊರಡುವ ಮೊದಲು ಲಾಡ್ಜಿಗೆ ಫೋನ್ ಮಾಡಿ, ವಿದೇಶಿಯರಿಗೆ ರೂಮು ಕೊಡುತ್ತೀರಾ ಎಂದು ನೇರವಾಗಿ ಕೇಳಿ. ವಿದೇಶಿಯರು ತಂಗಿದರೆ ಮಾಲೀಕರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರದ ಫಾರ್ಮ್ III (ಮೊದಲಿನ ಫಾರ್ಮ್ ಸಿ) ತುಂಬಬೇಕು. ಆ ವ್ಯವಸ್ಥೆ ಮಾಡಿಕೊಳ್ಳದ ಸಣ್ಣ ಲಾಡ್ಜುಗಳು ರಾತ್ರಿ ಬಾಗಿಲಿಗೆ ಬಂದವರನ್ನು ವಾಪಸ್ ಕಳಿಸುತ್ತವೆ. ಪಾಸ್‌ಪೋರ್ಟಿನ ಫೋಟೊ ಪುಟ ಮತ್ತು ವೀಸಾ, ಎರಡರದೂ ಜೆರಾಕ್ಸ್ ಎರಡೆರಡು ಪ್ರತಿ ಇರಲಿ. ಅಂದಹಾಗೆ, ಅವರನ್ನು ನಿಮ್ಮ ಮನೆಯಲ್ಲೇ ಇರಿಸಿಕೊಂಡಿದ್ದರೂ ಈ ಫಾರ್ಮ್ ತುಂಬುವುದು ನಿಮ್ಮದೇ ಹೊಣೆ.

ನಗದು ಬೇಕೇ ಬೇಕು. ನಮ್ಮ ಹಾಗೆ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿಯುವುದು ಬಹಳಷ್ಟು ವಿದೇಶಿಯರಿಗೆ ಆಗುವುದಿಲ್ಲ. ಟಿಕೆಟ್ ದರದಲ್ಲೂ ದೊಡ್ಡ ಅಂತರ: ಬಾದಾಮಿ ಗುಹೆಗಳಿಗೆ ಮತ್ತು ಐಹೊಳೆಯ ದುರ್ಗ ಗುಡಿಯ ಆವರಣಕ್ಕೆ ನಮಗೆ 25 ರೂಪಾಯಿ, ಅವರಿಗೆ 300. ಪಟ್ಟದಕಲ್ಲಿಗೆ ನಮಗೆ 40, ಅವರಿಗೆ 600. ಇದನ್ನು ಮೊದಲೇ ಹೇಳಿಬಿಡಿ, ಕೌಂಟರಿನ ಮುಂದೆ ಮುಜುಗರ ಬೇಡ. ನೇಪಾಳ, ಶ್ರೀಲಂಕಾ, ಥಾಯ್ಲೆಂಡ್‌ನಂಥ ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶದವರಿಗೆ ನಮ್ಮ ದರವೇ, ಪಾಸ್‌ಪೋರ್ಟ್ ತೋರಿಸಬೇಕು. ಬಸ್ಸಿನಲ್ಲಿ ಇನ್ನೊಂದು ಗೊಂದಲ. ಜೊತೆಗಿರುವ ನಮ್ಮೂರ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ವಿದೇಶಿ ಹುಡುಗಿಗೆ ಅದು ಇಲ್ಲ, ಪೂರ್ತಿ ಚಾರ್ಜು. ಹತ್ತಿಪ್ಪತ್ತರ ನೋಟು ಅವರ ಕೈಯಲ್ಲೇ ಕೊಟ್ಟಿರಿ.

ಶನಿವಾರ ಮಧ್ಯಾಹ್ನ ಬಾದಾಮಿಯಲ್ಲಿ ಇಳಿದವರೇ ಟಂಟಂ (ದೊಡ್ಡ ಆಟೊ) ಹಿಡಿದು ಐದು ಕಿಲೋಮೀಟರ್ ದೂರದ ಬನಶಂಕರಿಗೆ ಹೋಗಿ. ಊಟ ಅಲ್ಲಿ. ಗುಡಿಯ ಹತ್ತಿರ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕಾಳುಪಲ್ಯ, ಚಟ್ನಿಪುಡಿ, ಗಟ್ಟಿ ಮೊಸರು ಹೊತ್ತು ತಂದು ಕೂತಿರುತ್ತಾರೆ. ಬಾದಾಮಿ ಪೇಟೆಯ ಯಾವ ಹೋಟೆಲಿನಲ್ಲೂ ಈ ಊಟ ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಂದು ಒಂದೆರಡು ವಾರವಷ್ಟೇ ಆಗಿರುವವರಿಗೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ ಬೇಡ ಅನ್ನಿ, ಕುಡಿಯಲು ಸೀಲ್ ಬಾಟಲಿಯ ನೀರೇ ಇರಲಿ. ಕೆಂಪು ಚಟ್ನಿಯನ್ನು ಮೊಸರಿನಲ್ಲಿ ಕಲಸಿಕೊಳ್ಳುವುದನ್ನು ತೋರಿಸಿಕೊಡಿ.

ಗುಹೆಗಳಿಗೆ ಮೂರೂವರೆ ಹೊತ್ತಿಗೆ ಬಂದರೆ ಮೆಟ್ಟಿಲ ಕಾವು ಸ್ವಲ್ಪ ಇಳಿದಿರುತ್ತದೆ. ಮಂಗಗಳದ್ದೇ ಇಲ್ಲಿ ಮುಖ್ಯ ತಾಪತ್ರಯ. ಅವು ನೋಡುವುದು ಮನುಷ್ಯರನ್ನಲ್ಲ, ಕೈಯಲ್ಲಿರುವ ಪ್ಲಾಸ್ಟಿಕ್ ಚೀಲವನ್ನು. ಚರಚರ ಸದ್ದಾದರೆ ತಿಂಡಿ ಎಂದೇ ಅವುಗಳ ಲೆಕ್ಕ. ನೀರಿನ ಬಾಟಲಿಯೂ ಬೆನ್ನಚೀಲದ ಒಳಗೇ ಇರಲಿ, ಜಿಪ್ ಹಾಕಿರಲಿ. ಕಸಿದುಕೊಂಡರೆ ಬಿಟ್ಟುಬಿಡುವುದು, ಎಳೆದಾಡಿದರೆ ಕಚ್ಚುತ್ತವೆ. ಆಮೇಲೆ ರೇಬಿಸ್ ಇಂಜೆಕ್ಷನ್ನಿಗೆ ಓಡಾಡುವುದರಲ್ಲೇ ಭಾನುವಾರ ಮುಗಿಯುತ್ತದೆ.

ನಾಲ್ಕು ಗುಹೆಗೂ ಸಮನಾಗಿ ಹೊತ್ತು ಹಂಚಬೇಡಿ. ಮೊದಲನೆಯದರಲ್ಲಿ ಹದಿನೆಂಟು ಕೈಯ ನಟರಾಜ: ಎಡಗಡೆಯ ಒಂದು ಕೈ, ಬಲಗಡೆಯ ಒಂದು ಕೈ ಜೋಡಿಸಿಕೊಂಡು ಬೇರೆಬೇರೆ ಭಂಗಿ ಕಾಣಲು ಹೇಳಿ, ಭಾಷೆ ಬಾರದವರಿಗೂ ತಿಳಿಯುತ್ತದೆ. ಎರಡನೆಯದನ್ನು ಬೇಗ ಮುಗಿಸಿ ಮೂರನೆಯದಕ್ಕೆ ಅರ್ಧ ಗಂಟೆ ಇಡಿ. ಎಲ್ಲದರಲ್ಲಿ ದೊಡ್ಡದು ಅದೇ, ಕಾಲ ಗೊತ್ತಿರುವುದೂ ಅದರದೇ. ಚಾಲುಕ್ಯ ದೊರೆ ಮಂಗಳೇಶನ ಶಾಸನದಲ್ಲಿ ಶಕ 500 ಎಂದಿದೆ, ಅಂದರೆ ಕ್ರಿ.ಶ. 578. ನಾಲ್ಕನೆಯದು ಜೈನರದು, ಸಣ್ಣದು. ಅದರ ಅಂಗಳದಿಂದ ಕೆಳಗೆ ಅಗಸ್ತ್ಯತೀರ್ಥ ಕೆರೆ ಚೆನ್ನಾಗಿ ಕಾಣುತ್ತದೆ.

ಇಳಿದು ಕೆರೆಯ ದಂಡೆ ಹಿಡಿದು ಭೂತನಾಥ ಗುಡಿಗೆ ನಡೆಯಿರಿ. ಪೂರ್ವದ ದಂಡೆಯಲ್ಲಿದ್ದು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸಂಜೆ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಈ ದಾರಿಯನ್ನು ಬೆಳಿಗ್ಗೆಗೆ ಇಟ್ಟುಕೊಂಡವರಿಗೆ ಫೋಟೊದಲ್ಲಿ ಬರೀ ಕಪ್ಪು ಗುಡಿ. ಕನ್ನಡ ಕಲಿಯುತ್ತಿರುವವರು ಜೊತೆಗಿದ್ದರೆ ತಟ್ಟುಕೋಟೆ ಕಡೆಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವನ್ನು ತಪ್ಪಿಸಬೇಡಿ. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಎಂಬಷ್ಟನ್ನು ಯಾರಾದರೂ ಹತ್ತು ನಿಮಿಷದಲ್ಲಿ ಬಾಯಿಪಾಠ ಮಾಡುತ್ತಾರೆ. ತ್ರಿಪದಿಯ ಅತಿ ಹಳೆಯ ಮಾದರಿ ಅದು.

ಭಾನುವಾರ ಬೆಳಿಗ್ಗೆ ಬೇಗ ಎದ್ದು 22 ಕಿಲೋಮೀಟರಿನ ಪಟ್ಟದಕಲ್ಲಿಗೆ ಹೊರಡಿ. ಇಲ್ಲಿನ ಗುಡಿಗಳು ಪೂರ್ವಾಭಿಮುಖಿ, ಬೆಳಗಿನ ಬೆಳಕಿಗೇ ಕಟ್ಟಿದಂತಿವೆ. ಶೈಲಿಗಳ ಪಾಠ ಉದ್ದ ಮಾಡಬೇಡಿ, ಶಿಖರ ನೋಡಲು ಹೇಳಿದರೆ ಸಾಕು. ಕಾಶಿವಿಶ್ವನಾಥ, ಗಳಗನಾಥದಲ್ಲಿ ಬಾಗಿ ಮೇಲೇರುವುದು ಉತ್ತರದ್ದು. ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಏರುವುದು ದಕ್ಷಿಣದ್ದು. ಎರಡೂ ಒಂದೇ ಬಯಲಲ್ಲಿ ಅಕ್ಕಪಕ್ಕ ಸಿಗುತ್ತವೆ ಎನ್ನುವುದೇ ಇಲ್ಲಿನ ವಿಶೇಷ. ವಿರೂಪಾಕ್ಷವನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ಕಂಚಿಯ ಕೈಲಾಸನಾಥ ಗುಡಿಯ ಕಂಬದಲ್ಲಿ ಅವನ ಕನ್ನಡ ಶಾಸನ ಇಂದಿಗೂ ಇದೆ.

ವಿರೂಪಾಕ್ಷ ಗುಡಿಯಲ್ಲಿ ಪೂಜೆ ನಡೆಯುತ್ತದೆ, ಚಪ್ಪಲಿ ಬಿಡಬೇಕು. ಹತ್ತು ಗಂಟೆ ದಾಟಿದರೆ ಹಾಸುಗಲ್ಲು ಕಾದ ಹಂಚು. ಎಲ್ಲರ ಚೀಲದಲ್ಲೂ ದಪ್ಪ ಹತ್ತಿಯ ಕಾಲುಚೀಲ ಒಂದೊಂದು ಜೊತೆ ಇರಲಿ.

ಮಹಾಕೂಟ ಬಾದಾಮಿ ಮತ್ತು ಪಟ್ಟದಕಲ್ಲಿನ ನಡುವೆ ಬದಿಗೆ ಸಿಗುತ್ತದೆ. ಸ್ವಂತ ಗಾಡಿ ಇದ್ದರಷ್ಟೇ ಸೇರಿಸಿ. ಅಲ್ಲಿಯ ಪುಷ್ಕರಣಿಗೆ ಇಳಿಯುವ ಹುಡುಗಿಯರು ಮೈತುಂಬ ಬಟ್ಟೆಯಲ್ಲೇ ಇಳಿಯಲಿ. ಪಾಚಿಗಟ್ಟಿದ ಮೆಟ್ಟಿಲು ಜಾರುತ್ತದೆ. ಮಂಗಳೇಶನ ಪ್ರಸಿದ್ಧ ಮಹಾಕೂಟ ಕಂಬವನ್ನು ಹುಡುಕಬೇಡಿ, ಅದು ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ.

ಪಟ್ಟದಕಲ್ಲಿನಿಂದ ಐಹೊಳೆ ಸುಮಾರು 14 ಕಿಲೋಮೀಟರ್, ಬಸ್ಸು ಕಡಿಮೆ. ಟಂಟಂನವನ ಜೊತೆ ಹೋಗುವಾಗಲೇ ಬಾಡಿಗೆ ಮಾತಾಡಿ, ಕಾಯುವ ಹೊತ್ತನ್ನೂ ಸೇರಿಸಿ. ಮೊದಲು ಮೇಗುತಿ ಗುಡ್ಡ ಹತ್ತಿ. ಅಲ್ಲಿ ನೆರಳಿಲ್ಲ, ತಡವಾದಷ್ಟೂ ಕಷ್ಟ. ಪುಲಕೇಶಿಯನ್ನು ಹೊಗಳುತ್ತಾ ಕಾಳಿದಾಸ, ಭಾರವಿಯರ ಹೆಸರೆತ್ತುವ ರವಿಕೀರ್ತಿಯ ಶಾಸನ ಅಲ್ಲಿಯ ಜೈನ ಗುಡಿಯ ಗೋಡೆಯಲ್ಲಿದೆ, ಕ್ರಿ.ಶ. 634ರದು. ಆಮೇಲೆ ರಾವಣಫಡಿ ಗುಹೆ. ದುರ್ಗ ಗುಡಿಯನ್ನು ಕೊನೆಗಿಡಿ: ಆವರಣದಲ್ಲಿ ಗಿಡದ ನೆರಳಿದೆ, ಗುಡಿಯ ಸುತ್ತ ಕಂಬದ ಪಡಸಾಲೆಯಿದೆ, ದಣಿದವರು ಕೂತೇ ಶಿಲ್ಪ ನೋಡಬಹುದು. ಹೆಸರು ಬಂದದ್ದು ದೇವಿಯಿಂದಲ್ಲ, ಕೋಟೆ ಎಂಬರ್ಥದ ದುರ್ಗದಿಂದ. ಗೈಡುಗಳೂ ಕೆಲವೊಮ್ಮೆ ತಪ್ಪು ಹೇಳುತ್ತಾರೆ.

ವಾಪಸ್ ಬಾದಾಮಿಗೆ ತಿರುಗಬೇಡಿ. ಅಮೀನಗಡಕ್ಕೆ ಬಂದರೆ ಹುನಗುಂದದ ಕಡೆಯಿಂದ ಬಾಗಲಕೋಟೆಗೆ ಹೋಗುವ ಬಸ್ಸು ಸಿಗುತ್ತವೆ. ಬಸ್ಸು ಬರುವವರೆಗೆ ಕರದಂಟು ಕೊಳ್ಳಲು ಹೊತ್ತಿರುತ್ತದೆ. ಗೋಡಂಬಿ, ಬಾದಾಮಿಯಂಥ ಬೀಜಗಳಿಗೆ ಅಲರ್ಜಿ ಇದೆಯೇ ಎಂದು ಕೇಳಿಯೇ ಕೊಡಿ.